ನಿಕ್ಕೋನ ಬಲಗಾಲು ನೋಡೋಕೆ ಹೋಗಿದ್ದು

ಐರನ್ ಮೇಡನ್ ಅನ್ನೋ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ನೋಡ್ಕೊಂಡು ಬಂದೆ ಅಂದ್ರೆ ಗೊತ್ತಿರೋರು ಕೇಳೋ ಮೊದಲ ಪ್ರಶ್ನೆ ಗಾಯಕ ಬ್ರೂಸ್ ಹೆಂಗೆ ಹಾಡ್ದ ಅಂತ, ಎರಡನೇದು ಬ್ಯಾಂಡಿನ ಗುರುತಾಗಿರೋ ದೆವ್ವದ ಗೊಂಬೆ ಎಡ್ಡಿ ಸ್ಟೇಜ್ ಮೇಲೆ ಬಂದ್ನಾ ಅಂತ. ನನ್ನ ಜೊತೆ ಬಂದಿದ್ದ ಪುಣ್ಯಾತ್ಮನಿಗೆ ಇವೆರಡೂ ಬೇಕಿರ್ಲಿಲ್ಲ. ಅವನು ಬಂದಿದ್ದು ಒಂದು ಕಾಲು ನೋಡೋಕೆ. ಆಗಿನ ಡ್ರಮ್ಮರ್ ನಿಕ್ಕೋ ಮೆಕ್‌ಬ್ರೇನ್‌ನ ಬಲಗಾಲು.

ಡ್ರಮ್ಸ್ ಬಗ್ಗೆ ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಇವನಿಗೆ ತಲೆ ಕೆಟ್ಟಿದೆ ಅಂದ್ಕೊಂಡ್ಬಿಡ್ತೀರಿ (ಕೆಟ್ಟಿದೆ, ಅದು ಬೇರೆ ವಿಷ್ಯ). ಕೆಳಗಡೆ ಇರೋ ದೊಡ್ಡ ಡ್ರಮ್ ಇದ್ಯಲ್ಲ, ಧಡ್ ಧಡ್ ಅನ್ನೋದು, ಅದನ್ನ ಬಾರ್ಸೋದು ಕಾಲಲ್ಲಿ, ಪೆಡಲ್ ತುಳಿದು. ಮೆಟಲ್ ಬ್ಯಾಂಡ್‌ಗಳಲ್ಲಿ ತುಂಬಾ ಜನ ಎರಡು ಕಾಲಿಗೂ ಒಂದೊಂದು ಪೆಡಲ್ ಇಟ್ಕೊಂಡಿರ್ತಾರೆ, ಅಷ್ಟು ಸ್ಪೀಡ್ ಬೇಕು ಅಂತ. ನಿಕ್ಕೋ ಒಂದೇ ಪೆಡಲ್ಲು. 1982ರಲ್ಲಿ ಬ್ಯಾಂಡ್‌ಗೆ ಬಂದಾಗಿಂದ ಅದೇ, 2003ರ ಆಲ್ಬಮ್‌ನಲ್ಲಿ ಯಾವುದೋ ಒಂದು ಹಾಡಿಗೆ ಡಬಲ್ ಪೆಡಲ್ ತುಳಿದಿದ್ದು ಬಿಟ್ರೆ. ಅದೂ ಶೂ ಹಾಕದೆ, ಬರಿಗಾಲಲ್ಲಿ. ಎರಡು ಕಾಲಿನ ಕೆಲ್ಸ ಒಂದು ಕಾಲಲ್ಲಿ ಹೆಂಗೆ ಮಾಡ್ತಾನೆ ಅಂತ ನನ್ನ ಫ್ರೆಂಡು ಹಾಸ್ಟೆಲ್ ದಿನಗಳಿಂದ ತಲೆ ಕೆಡಿಸ್ಕೊಂಡಿದ್ದ, ರಾತ್ರಿ ಹನ್ನೊಂದು ಗಂಟೆಗೆ ಮಂಚದ ಕಾಲಿಗೆ ಪಾದ ಒತ್ಕೊಂಡು ಧಡಧಡ ಅಂತ ಪ್ರಾಕ್ಟೀಸು, ಕೆಳಗಡೆ ರೂಮಿನವರು ಪೊರಕೆ ಹಿಡಿಯಲ್ಲಿ ಸೀಲಿಂಗ್‌ಗೆ ಕುಟ್ಟಿ ಬೈಯ್ಯೋವರೆಗೂ.

ನನಗೆ ಈ ಬ್ಯಾಂಡ್ ಅಂಟಿಸಿದ್ದೂ ಅವನೇ. ಒಂದು ಎಂಪಿ3 ಸಿಡಿ ಕೊಟ್ಟ, ಅದ್ರಲ್ಲಿ ಹಾಡುಗಳ ಹೆಸರೂ ಸರಿಯಾಗಿ ಇರ್ಲಿಲ್ಲ, ಟ್ರ್ಯಾಕ್ 1 ಟ್ರ್ಯಾಕ್ 2 ಅಂತ, ಎಷ್ಟೋ ವರ್ಷ ನಾನು ಹಾಡುಗಳನ್ನ ನಂಬರ್‌ನಲ್ಲೇ ಕರೀತಿದ್ದೆ. ನನಗೆ ಯಾವ ವಾದ್ಯವೂ ಬರಲ್ಲ, ಬರೀ ಕೇಳೋನು. ಕುದುರೆ ಓಡೋ ಥರ ಟಗಡಕ್ ಟಗಡಕ್ ಅಂತ ಒಂದು ಬೇಸ್ ಗಿಟಾರ್ ಓಡ್ತಿರತ್ತಲ್ಲ ಅವರ ಹಾಡುಗಳಲ್ಲಿ, ಅದಕ್ಕೇ ಬಿದ್ದಿದ್ದು ನಾನು. ಅದು ಸ್ಟೀವ್ ಹ್ಯಾರಿಸ್. 1975ರ ಕ್ರಿಸ್ಮಸ್ ದಿನ ಬ್ಯಾಂಡ್ ಶುರು ಮಾಡಿದೋನೂ ಅವನೇ. ಪಿಕ್, ಅಂದ್ರೆ ತಂತಿ ಮೀಟೋ ಪ್ಲಾಸ್ಟಿಕ್ ಚೂರು, ಹಿಡ್ಕೊಂಡು ಬಾರಿಸ್ತಾನೆ ಅಂತಲೇ ಅಂದ್ಕೊಂಡಿದ್ದೆ, ಇಲ್ಲ ಕಣೋ ಬರೀ ಬೆರಳಲ್ಲಿ ಅಂತ ಇವನು ಹೇಳಿದಾಗ ನಂಬ್ಲಿಲ್ಲ, ಬೆಟ್ ಕಟ್ಟಿ ಸೋತೆ.

ಅಂತೂ 2018ರ ಬೇಸಿಗೆಯಲ್ಲಿ, ಬ್ಯಾಂಡ್ ಯುರೋಪ್ ಟೂರ್‌ನಲ್ಲಿದ್ದಾಗ, ಇಬ್ರಿಗೂ ಒಂದೇ ಕಡೆ ಹೋಗೋಕೆ ಆಯ್ತು. ಟಿಕೆಟ್ ತಗೊಂಡಿದ್ದು ಏಳು ತಿಂಗಳು ಮುಂಚೆ. ಆ ಏಳು ತಿಂಗಳೂ ನಾವು ಜಗಳ ಆಡಿದ್ದು ಒಂದೇ ವಿಷ್ಯಕ್ಕೆ, ಎಲ್ಲಿ ನಿಂತ್ಕೋಬೇಕು ಅಂತ. ನಂಗೆ ಮುಂದೆ, ಬ್ಯಾರಿಕೇಡ್ ಹತ್ರ, ಹ್ಯಾರಿಸ್ ಬೆರಳು ಕಾಣೋ ಅಷ್ಟು ಹತ್ರ. ಅವನಿಗೆ ಸೈಡ್‌ನಲ್ಲಿ ಎತ್ತರದ ಸೀಟು. ಯಾಕೆ ಅಂದ್ರೆ ನಿಕ್ಕೋ ಕೂತ್ಕೊಳ್ಳೋ ಡ್ರಮ್ ಸೆಟ್ ಒಂದು ಕೋಟೆ ಇದ್ದಂಗೆ, ಮುಂದೆ ಅರ್ಧಚಂದ್ರಾಕಾರದಲ್ಲಿ ಟಾಮ್ ಅನ್ನೋ ಡ್ರಮ್‌ಗಳು, ಅದರ ಮೇಲೆ ಸಿಂಬಲ್ ಅನ್ನೋ ಲೋಹದ ತಟ್ಟೆಗಳು, ಎದುರುಗಡೆ ನಿಂತೋರಿಗೆ ಮನುಷ್ಯನೇ ಕಾಣಲ್ಲ, ಆಗಾಗ ಎರಡು ಕೋಲು ಮೇಲೆ ಬರತ್ತೆ, ಒಂದು ಮೂಗು ಕಾಣತ್ತೆ, ಅಷ್ಟೇ. ಕಾಲಂತೂ ಕೇಳ್ಳೇಬೇಡಿ. ಕೊನೆಗೆ ಚೀಟಿ ಎತ್ತಿದ್ವಿ, ನಾನು ಗೆದ್ದೆ. ಎರಡೂ ಚೀಟಿಯಲ್ಲಿ ಮುಂದೆ ಅಂತಲೇ ಬರ್ದಿದ್ದೆ, ಇದನ್ನ ಅವನು ಇಲ್ಲೇ ಮೊದಲ ಸಲ ಓದ್ತಿರೋದು, ಸಾರಿ ಮಗಾ.

ಗೇಟ್ ತೆಗೆಯೋಕೆ ಮೂರು ಗಂಟೆ ಮುಂಚೆ ಹೋಗಿ ನಿಂತ್ವಿ. ಬಿಸಿಲು, ಕಪ್ಪು ಟೀಶರ್ಟು, ಸುತ್ತ ಇರೋ ಎಲ್ರೂ ಕಪ್ಪು ಟೀಶರ್ಟು, ಒಂದೊಂದು ಶರ್ಟಿನ ಬೆನ್ನ ಮೇಲೂ ಒಂದೊಂದು ವರ್ಷದ ಟೂರಿನ ಊರುಗಳ ಪಟ್ಟಿ, ಕ್ಯೂನಲ್ಲಿ ಟೈಮ್ ಪಾಸ್‌ಗೆ ಅದನ್ನೇ ಓದ್ಕೊಂಡು ನಿಂತಿದ್ದೆ. ನಮ್ಮ ಮುಂದೆ ಒಬ್ಬ ಅಪ್ಪ, ಅರವತ್ತರ ಹತ್ರ ಇರ್ಬೇಕು, ಪಕ್ಕದಲ್ಲಿ ಹತ್ತು ಹನ್ನೊಂದು ವರ್ಷದ ಮಗಳು, ಅವಳ ಕಿವಿಗೆ ದೊಡ್ಡ ಗುಲಾಬಿ ಬಣ್ಣದ ಇಯರ್ ಮಫ್. ನನ್ನ ಫ್ರೆಂಡು ಅದನ್ನ ತೋರಿಸಿ, ನೋಡು ಆ ಮಗೂಗಿರೋ ಬುದ್ಧಿ ನಿಂಗಿಲ್ಲ ಅಂದ. ಅವನು ಇಯರ್‌ಪ್ಲಗ್ ತಂದಿದ್ದ, ನಂಗೂ ಒಂದು ಜೊತೆ ಎಕ್ಸ್‌ಟ್ರಾ ತಂದಿದ್ದ, ನಾನು ಬೇಡ ಅಂದೆ, ಹದಿನೈದು ವರ್ಷ ಕಾದು ಬಂದು ಕಿವಿಗೆ ಬೂಚು ಹಾಕ್ಕೊಳ್ಳಾ ಅಂತ. ಅವನು ಲೆಕ್ಚರ್ ಶುರು ಹಚ್ಕೊಂಡ, 85 ಡೆಸಿಬೆಲ್ ಎಂಟು ಗಂಟೆ ತಡ್ಕೊಳ್ಳತ್ತೆ ಕಿವಿ, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಟೈಮು ಅರ್ಧ ಆಗ್ತಾ ಹೋಗತ್ತೆ, 100 ಆದ್ರೆ ಬರೀ ಹದಿನೈದು ನಿಮಿಷ, ಶೋ ಎರಡು ಗಂಟೆ, ನೀನೇ ಲೆಕ್ಕ ಹಾಕು ಅಂತ. ನಾನು ಲೆಕ್ಕ ಹಾಕ್ಲಿಲ್ಲ.

ಮೇಡನ್ ಫ್ಯಾನ್ಸ್‌ಗೆ ಒಂದು ಸಿಗ್ನಲ್ ಗೊತ್ತಿರತ್ತೆ. ಸ್ಪೀಕರ್‌ನಲ್ಲಿ ಯುಎಫ್‌ಒ ಅನ್ನೋ ಹಳೇ ಬ್ಯಾಂಡಿನ ಒಂದು ಹಾಡು ಹಾಕ್ತಾರೆ, ಅದು ಬಂತು ಅಂದ್ರೆ ಇನ್ನೇನು ಇವರು ಬಂದ್ರು ಅಂತ. ಅಲ್ಲಿವರೆಗೂ ಆಕಳಿಸ್ಕೊಂಡು ಕೂತಿದ್ದ ಜನ ಆ ಹಾಡಿನ ಮೊದಲ ಗಿಟಾರ್ ಕೇಳಿದ್ದೇ ತಡ ಎದ್ದು ನಿಂತು ಕುಣಿಯೋಕೆ ಶುರು, ಇನ್ನೂ ಬ್ಯಾಂಡೇ ಬಂದಿಲ್ಲ, ಬೇರೆಯವರ ರೆಕಾರ್ಡಿಂಗ್‌ಗೆ ಇಷ್ಟು ಸಾವಿರ ಜನ ಗಂಟಲು ಹರ್ಕೊಳ್ತಿದಾರೆ, ನಾನೂ. ಒಂದು ಬೇಜಾರು ಅಂದ್ರೆ ರಾತ್ರಿ ಒಂಬತ್ತಾದ್ರೂ ಅಲ್ಲಿ ಬೆಳಕು. ನನ್ನ ಕಲ್ಪನೆಯಲ್ಲಿ ಯಾವಾಗ್ಲೂ ಕತ್ತಲು ಇರ್ತಿತ್ತು, ಇಲ್ಲಿ ಜುಲೈ ತಿಂಗಳ ಸಂಜೆ ಬಿಸಿಲಲ್ಲಿ ಸ್ಟೇಜಿನ ಮರದ ಹಲಗೆ, ಟೇಪು, ವೈರು ಎಲ್ಲಾ ಕಾಣ್ತಿತ್ತು, ಮದುವೆ ಮನೆಗೆ ಬೇಗ ಹೋಗ್ಬಿಟ್ರೆ ಹೆಂಗಿರತ್ತೋ ಹಂಗೆ.

ಆಮೇಲೆ ಚರ್ಚಿಲ್‌ನ 1940ರ ಭಾಷಣ ಬಂತು ಸ್ಪೀಕರ್‌ನಲ್ಲಿ. ಅದು ಮುಗೀತಿದ್ದಂಗೆ ಸ್ಟೇಜ್ ಮೇಲೆ ಒಂದು ಸ್ಪಿಟ್‌ಫೈರ್ ಯುದ್ಧವಿಮಾನ, ಹೆಚ್ಚುಕಮ್ಮಿ ನಿಜವಾದ ಸೈಜಿಂದು, ಮೇಲಿಂದ ತೂಗ್ತಾ ಬಂತು, ಅದರ ಕೆಳಗೆ ಆರು ಜನ ಎಲ್ಲಿಂದ ಬಂದ್ರೋ ಗೊತ್ತಾಗ್ಲಿಲ್ಲ, ಅದೇ ಕ್ಷಣಕ್ಕೆ ಹಿಂದಿನಿಂದ ಒಂದು ತಳ್ಳು ಬಂತು ನೋಡಿ, ನನ್ನ ಕಾಲು ನೆಲ ಬಿಟ್ಟು ಎರಡು ಮೀಟರ್ ಮುಂದೆ ಹೋಗಿ ಬಿತ್ತು, ಪಕ್ಕದೋನ ಮೊಣಕೈ ನನ್ನ ಪಕ್ಕೆಲುಬಲ್ಲಿ, ಯಾರದೋ ಉದ್ದ ಕೂದಲು ನನ್ನ ಬಾಯಲ್ಲಿ. ಮೊದಲನೇ ಹಾಡು ನಾನು ಕೇಳ್ಲೇ ಇಲ್ಲ ಅಂತ ಹೇಳ್ಬಹುದು. ಉಸಿರಾಡೋದ್ರಲ್ಲೇ ಮುಗಿದೋಯ್ತು.

ಎರಡನೇ ಹಾಡು. ಇದಕ್ಕೇ ಇವನು ಬಂದಿದ್ದು. 1983ರಲ್ಲಿ ಬಂದ ಆಲ್ಬಮ್‌ನ ಮೊದಲ ಹಾಡು ಅದು, ನಿಕ್ಕೋ ಸೇರ್ಕೊಂಡ ಮೇಲಿನ ಮೊದಲ ಆಲ್ಬಮ್ಮು, ಅಂದ್ರೆ ಹೊಸ ಡ್ರಮ್ಮರ್‌ನ ಜಗತ್ತು ಮೊಟ್ಟಮೊದಲು ಕೇಳಿದ್ದು ಇದ್ರಲ್ಲೇ, ಅದಕ್ಕೇ ಅದು ಶುರುವಾಗೋದೂ ಬರೀ ಡ್ರಮ್ಸಿಂದ, ನಾನು ಬಂದೆ ಅಂತ ಬಾಗಿಲು ಒದ್ದು ಒಳಗೆ ಬಂದಂಗೆ. ಆಮೇಲೆ ಇಡೀ ಹಾಡು ಆ ಒಂಟಿ ಪೆಡಲ್ ಮೇಲೆ ಓಡತ್ತೆ. ಮಂಚದ ಕಾಲಿಗೆ ಇವನು ಕುಟ್ತಿದ್ದಿದ್ದು ಇದೇ. ನನ್ನ ಕೈಗೆ ಅವನ ಫೋನ್ ತುರುಕಿ ವಿಡಿಯೋ ಮಾಡು ವಿಡಿಯೋ ಮಾಡು ಅಂದ, ಗಡಿಬಿಡಿಯಲ್ಲಿ ನಾನು ನನ್ನ ಫೋನಲ್ಲೇ ಮಾಡಿದೆ. ಅವನು ತುದಿಗಾಲಲ್ಲಿ ನಿಂತು ಕತ್ತು ಕೊಕ್ಕರೆ ಥರ ಉದ್ದ ಮಾಡ್ಕೊಂಡು ಎಡಕ್ಕೆ ವಾಲ್ತಾನೆ ಬಲಕ್ಕೆ ವಾಲ್ತಾನೆ, ಎದುರುಗಡೆ ಆರೂವರೆ ಅಡಿ ಎತ್ತರದ ಒಬ್ಬ ಮಹಾನುಭಾವ ಎರಡೂ ಕೈ ಮೇಲೆತ್ಕೊಂಡು ನಿಂತಿದಾನೆ. ಕಾಣ್ತಿದ್ದಿದ್ದು ಅಲ್ಲಾಡೋ ಸಿಂಬಲ್‌ಗಳು ಮಾತ್ರ.

ಆದ್ರೆ ಕೇಳಿಸ್ತು. ಕೇಳಿಸ್ತು ಅನ್ನೋದೂ ಸರಿಯಲ್ಲ, ಅದು ಕಿವಿಗೆ ಬರೋದೇ ಇಲ್ಲ ಮೊದಲು, ಎದೆಗೂಡಿಗೆ ಬರತ್ತೆ, ಶರ್ಟು ನಡುಗತ್ತೆ, ನಾನು ಪ್ಯಾಂಟಿನ ಬಟ್ಟೆ ಮುಟ್ಟಿ ನೋಡ್ದೆ, ಅದೂ ನಡುಗ್ತಿತ್ತು. ಇಯರ್‌ಫೋನಲ್ಲಿ ಇಷ್ಟು ವರ್ಷ ಕೇಳಿದ್ದು ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಹಾಡು, ಇಲ್ಲಿ ಅದೇ ಹಾಡು ಸ್ವಲ್ಪ ಜಾಸ್ತಿ ಸ್ಪೀಡಲ್ಲಿ, ಕೆಲವು ಕಡೆ ಗಿಟಾರ್ ಒಂಚೂರು ಜಾರಿ, ಬ್ರೂಸ್ ಎತ್ತರದ ಸ್ವರಕ್ಕೆ ಹೋಗೋ ಮುಂಚೆ ಮುಖ ಗಂಟು ಹಾಕ್ಕೊಳ್ಳೋದು ಕಾಣ್ತಾ. 2015ರಲ್ಲಿ ನಾಲಿಗೆ ಬುಡದ ಕ್ಯಾನ್ಸರ್‌ಗೆ ಟ್ರೀಟ್‌ಮೆಂಟ್ ತಗೊಂಡ ಗಂಟಲು ಅದು, ಇನ್ನೊಂದು ತಿಂಗಳಿಗೆ 60 ತುಂಬೋದಿತ್ತು ಅವನಿಗೆ, ಕೈ ಎರಡಕ್ಕೂ ಬೆಂಕಿ ಕಾರೋ ಯಂತ್ರ ಕಟ್ಕೊಂಡು ಸ್ಟೇಜಿನ ಆ ತುದಿಯಿಂದ ಈ ತುದಿಗೆ ಓಡ್ತಿದ್ದ. ಹ್ಯಾರಿಸ್ ಮಾತ್ರ ಸ್ಟೇಜಿನ ಮುಂದಿನ ಮಾನಿಟರ್ ಪೆಟ್ಟಿಗೆ (ಬ್ಯಾಂಡಿನವರಿಗೇ ಕೇಳ್ಸೋಕೆ ಇಟ್ಟಿರೋ ಸ್ಪೀಕರ್) ಮೇಲೆ ಒಂದು ಕಾಲಿಟ್ಟು ನಮ್ಮ ಕಡೆ ನಿಂತಾಗ, ಬೆರಳು ನೋಡ್ದೆ ರೀ. ತೋರುಬೆರಳು ಮಧ್ಯದ ಬೆರಳು, ಜೇಡ ಓಡ್ದಂಗೆ. ತಂತಿ ಗಿಟಾರ್ ಕತ್ತಿನ ಮೇಲಿರೋ ಫ್ರೆಟ್ ಪಟ್ಟಿಗೆ ಬಡಿಯೋ ಕಟಕಟ ಸದ್ದೇ ನಾನು ಪಿಕ್ ಅಂದ್ಕೊಂಡಿದ್ದು! ಫ್ರೆಂಡ್‌ಗೆ ಹೇಳೋಣ ಅಂತ ತಿರುಗಿದ್ರೆ ಅವನಿಲ್ಲ.

ಕಾಲು ಹುಡುಕ್ಕೊಂಡು ಹೋಗಿದ್ದ. ಆಮೇಲೆ ಅವನೇ ಹೇಳಿದ್ದು, ಮೊದ್ಲು ಬಲಗಡೆ ಹೋದ, ಸ್ಪೀಕರ್ ಗೋಡೆ ಅಡ್ಡ. ಎಡಗಡೆ ಹೋದ, ಅಲ್ಲೂ ಅದೇ. ಹಿಂದೆ ಸೌಂಡ್ ಮಿಕ್ಸ್ ಮಾಡೋ ಡೇರೆ ಹತ್ರ ಹೋದ, ಅಲ್ಲಿಂದ ದೊಡ್ಡ ಸ್ಕ್ರೀನು ಚೆನ್ನಾಗಿ ಕಾಣತ್ತೆ, ಆಗಾಗ ಡ್ರಮ್ಸ್ ಕ್ಯಾಮೆರಾನೂ ಹಾಕ್ತಿದ್ರು, ಆದ್ರೆ ಇವನಿಗೆ ಅಲ್ಲಿ ಬೇರೆ ಹಿಂಸೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗತ್ತೆ, ಸ್ಟೇಜಿಂದ ಐವತ್ತು ಅರವತ್ತು ಮೀಟರ್ ಹಿಂದೆ ನಿಂತ್ರೆ ಏಟು ಕಣ್ಣಿಗೆ ಮೊದಲು ಬಿದ್ದು ಸದ್ದು ಚೂರು ತಡವಾಗಿ ಬರತ್ತೆ, ನಮ್ಮಂಥೋರಿಗೆ ಏನೂ ಅನ್ಸಲ್ಲ, ಡ್ರಮ್ಸ್ ಬಾರಿಸೋನಿಗೆ ಅದು ಚಪ್ಪಲಿಯಲ್ಲಿ ಕಲ್ಲು ಸಿಕ್ಕಂಗಂತೆ. ಕಣ್ಣು ಮುಚ್ಕೊಂಡು ಎರಡು ಹಾಡು ಕೇಳ್ದೆ ಅಂದ. ಅಷ್ಟು ದುಡ್ಡು ಕೊಟ್ಟು ಬಂದು ಕಣ್ಣು ಮುಚ್ಕೊಂಡು.

ನಾನು ಇಲ್ಲಿ ಮುಂದೆ ಒಬ್ನೇ. ಹತ್ತಡಿ ಎತ್ತರದ ಎಡ್ಡಿ ಸೈನಿಕನ ಕೋಟು ಹಾಕ್ಕೊಂಡು ಬಂದ, ಬ್ರೂಸ್ ಜೊತೆ ಕತ್ತಿ ಹಿಡ್ದು ಹೊಡೆದಾಡ್ದ, ಆ ಗುಲಾಬಿ ಇಯರ್ ಮಫ್ ಹುಡುಗಿ ಅಪ್ಪನ ಹೆಗಲ ಮೇಲೆ ಕೂತು ಎಡ್ಡಿಗೆ ಟಾಟಾ ಮಾಡ್ತಿದ್ಲು. ಕತ್ತಲಾಯ್ತು ಕೊನೆಗೂ. ಇವರ ಹಾಡಲ್ಲಿ ಪದ ಇಲ್ಲದ ಕಡೆಗೂ ಜನ ಸುಮ್ನಿರಲ್ಲ, ಗಿಟಾರ್ ನುಡಿಸೋದನ್ನೇ ಓ ಓ ಓ ಅಂತ ಹಾಡ್ತಾರೆ, ಇಡೀ ಸ್ಟೇಡಿಯಂ. ನಾನು ಜನ್ಮದಲ್ಲಿ ನಾಲ್ಕು ಜನರ ಮುಂದೆ ಹಾಡಿದೋನಲ್ಲ. ಅವತ್ತು ನನ್ನ ಧ್ವನಿ ನನಗೇ ಕೇಳ್ತಿರ್ಲಿಲ್ಲ, ಆ ಧೈರ್ಯಕ್ಕೆ ಇರ್ಬೇಕು.

ಕೊನೇ ಹಾಡಿನ ಹೊತ್ತಿಗೆ ಭುಜದ ಮೇಲೆ ಕೈ ಬಿತ್ತು. ಹೆಂಗೆ ನುಗ್ಗಿ ಬಂದ್ನೋ ಗೊತ್ತಿಲ್ಲ, ಬೆವರಲ್ಲಿ ತೊಯ್ದು ತೊಪ್ಪೆ ಆಗಿದ್ದ. ಹಾಡು ಮುಗಿದ ಮೇಲೆ ಎಲ್ರೂ ಒಳಗೆ ಹೋದ್ರು, ನಿಕ್ಕೋ ಒಬ್ನೇ ಉಳಿದ, ಅವನು ಯಾವಾಗ್ಲೂ ಹಂಗೇ, ಕೊನೇವರೆಗೂ ಇದ್ದು ಡ್ರಮ್ ಸ್ಟಿಕ್ಕು, ಡ್ರಮ್ಮಿನ ಚರ್ಮ ಎಲ್ಲಾ ಜನರ ಕಡೆ ಎಸೀತಿದ್ದ. ಕೋಟೆಯಿಂದ ಹೊರಗೆ ಬಂದ, 66 ವರ್ಷದ ಮನುಷ್ಯ, ನಮ್ಮಿಂದ ಎಂಟು ಹತ್ತು ಮೀಟರ್ ದೂರ, ತಲೆ ಕಾಣತ್ತೆ, ಹೊಟ್ಟೆ ಕಾಣತ್ತೆ, ಮೊಣಕಾಲು ಕಾಣತ್ತೆ. ಅಲ್ಲಿಂದ ಕೆಳಗೆ ಸಾಲಾಗಿ ಮಾನಿಟರ್ ಪೆಟ್ಟಿಗೆಗಳು. ನಾವಿಬ್ರೂ ಹಾರಿದ್ವಿ, ನಿಜವಾಗ್ಲೂ ಹಾರಿದ್ವಿ, ಸುತ್ತ ಇರೋರೆಲ್ಲ ಸ್ಟಿಕ್ಕಿಗೆ ಹಾರ್ತಿದ್ರೆ ನಾವು ಪಾದಕ್ಕೆ. ಕಾಣ್ಲಿಲ್ಲ. ಸ್ಪೀಕರ್‌ನಲ್ಲಿ ಮಾಂಟಿ ಪೈಥಾನ್ ಅನ್ನೋ ಇಂಗ್ಲಿಷ್ ಕಾಮಿಡಿ ತಂಡದ್ದು ಒಂದು ತಮಾಷೆ ಹಾಡು ಶುರುವಾಯ್ತು, ಅಂದ್ರೆ ಮುಗೀತು, ಮನೆಗೆ ನಡೀರಿ ಅಂತ.

ಸ್ಟೇಷನ್ ಬೆಂಚಲ್ಲಿ ಕೂತು ಅವನು ಏನೋ ಹೇಳ್ತಿದ್ದ, ನನ್ನ ಕಿವಿಯಲ್ಲಿ ಕುಂಯ್ ಅಂತ ಒಂದೇ ಸ್ವರ, ಏನು ಏನು ಅಂತ ಕೇಳಿ ಕೇಳಿ ಸಾಕಾಗಿ ಸುಮ್ನೆ ತಲೆ ಆಡಿಸ್ದೆ. ಎರಡು ದಿನ ಇತ್ತು ಆ ಕುಂಯ್. ಇಯರ್‌ಪ್ಲಗ್ ವಿಷ್ಯದಲ್ಲಿ ಅವನು ಹೇಳಿದ್ದು ಸರಿ, ಒಪ್ಕೊಂಡೆ, ಮುಂದಕ್ಕೆ ಹೋಗೋಣ.

2023ರ ಆಗಸ್ಟ್‌ನಲ್ಲಿ ನಿಕ್ಕೋ ಒಂದು ವಿಷ್ಯ ಹೊರಗೆ ಹಾಕ್ದ. ಆ ವರ್ಷ ಜನವರಿಯಲ್ಲಿ ಸ್ಟ್ರೋಕ್ ಆಗಿತ್ತು, ಭುಜದಿಂದ ಕೆಳಗೆ ದೇಹದ ಒಂದು ಬದಿ ಸ್ವಾಧೀನ ತಪ್ಪಿತ್ತು, ಹಂಗಿದ್ದೂ ಮೇನಲ್ಲಿ ಟೂರ್‌ಗೆ ಬಂದು ಕೂತಿದ್ದ, ಯಾರಿಗೂ ಹೇಳದೆ. ಫ್ರೆಂಡು ಫೋನ್ ಮಾಡ್ದ. ಹಲೋ ಇಲ್ಲ ಏನಿಲ್ಲ, "ಯಾವ ಕಡೆ ಮಗಾ, ಬಲಗಡೆನಾ?" ಅಂದ. ನಾನು ಏನೂ ಹೇಳ್ಲಿಲ್ಲ, ಅವನೂ ಉತ್ತರಕ್ಕೆ ಕಾಯದೆ ಇಟ್ಬಿಟ್ಟ. 2024ರ ಡಿಸೆಂಬರ್ 7ಕ್ಕೆ ಸಾವೊ ಪಾಲೊ ಶೋ ಆದ್ಮೇಲೆ ನಿಕ್ಕೋ ಟೂರ್ ನಿಲ್ಲಿಸ್ದ, ಈಗ ಆ ಜಾಗದಲ್ಲಿ ಸೈಮನ್ ಡಾಸನ್ ಇದಾನೆ, ಚೆನ್ನಾಗೇ ಬಾರಿಸ್ತಾನಂತೆ. ನಾನಿನ್ನೂ ಕೇಳಿಲ್ಲ, ಇವನು ಕೇಳಲ್ಲ ಅಂತ ಹಠ ಹಿಡ್ದಿದಾನೆ.

ನಿಕ್ಕೋ ಟೂರ್ ನಿಲ್ಲಿಸ್ದ ಅನ್ನೋ ಸುದ್ದಿ ಬಂದ ರಾತ್ರಿ ಇವನ ಮೆಸೇಜ್ ಬಂತು, ಆ ವಿಡಿಯೋ ಕಳ್ಸೋ ಅಂತ. ಆರು ವರ್ಷ ನಾನು ಅದನ್ನ ತೆಗ್ದೂ ನೋಡಿರ್ಲಿಲ್ಲ. ನಲವತ್ತು ಸೆಕೆಂಡು. ಪೂರ್ತಿ ಅಲ್ಲಾಡಿದೆ, ಆ ಆರೂವರೆ ಅಡಿಯವನ ಕಂಕುಳು, ಒಂಚೂರು ಆಕಾಶ, ಎರಡು ಸಿಂಬಲ್ಲು. ಫೋನಿನ ಬಡಪಾಯಿ ಮೈಕಿಗೆ ಅಷ್ಟು ಸದ್ದು ತಡ್ಕೊಳ್ಳೋಕಾಗದೆ ಡ್ರಮ್ಸು ಗಿಟಾರು ಎಲ್ಲಾ ಸೇರಿ ತಗಡು ಹರಿದಂಗೆ ಒಂದೇ ಗರಗರ. ಅದರ ನಡುವೆ ಸ್ಪಷ್ಟವಾಗಿ ಕೇಳ್ಸೋದು ಒಂದೇ ಒಂದು, ಮೈಕಿನ ಪಕ್ಕದಲ್ಲೇ ಇವನ ಕಿರುಚಾಟ, "ಏನೂ ಕಾಣ್ತಿಲ್ಲ ಕಣೋ!" ಅಂತ. ಅಳ್ತಿದಾನೋ ನಗ್ತಿದಾನೋ ಗೊತ್ತಾಗಲ್ಲ. ಈಗ ಅದೇ ಅವನ ರಿಂಗ್‌ಟೋನು.