ಆಲೆಮನೆ ಅಂಗಳದಲ್ಲಿ ನಮ್ಮ ಗಾಡಿಮನೆ

ಗಾಡಿಯಲ್ಲೇ ಸಂಸಾರ ಹೂಡಿದವರಿಗೆ ದಿನಾ ಸಂಜೆ ನಾಲ್ಕರ ಹೊತ್ತಿಗೆ ಒಂದೇ ಯೋಚನೆ. ಇವತ್ತು ರಾತ್ರಿ ಎಲ್ಲಿ ನಿಲ್ಲಿಸೋದು? ಊಟದ ಚಿಂತೆ ಇಲ್ಲ, ಒಲೆ ಜೊತೆಯಲ್ಲೇ ಇದೆ. ಹಾಸಿಗೆಯೂ ಇದೆ. ಬೇಕಾಗಿರುವುದು ಒಂದಿಷ್ಟು ಮಟ್ಟಸವಾದ ನೆಲ, ಹತ್ತಿರದಲ್ಲಿ ನೀರು, ನಡುರಾತ್ರಿ ಯಾರೂ ಬಾಗಿಲು ತಟ್ಟಿ ‘ಗಾಡಿ ತೆಗೀರಿ’ ಅನ್ನದ ಜಾಗ.

ನಾನು, ನನ್ನ ಗಂಡ ಇಬ್ಬರೂ ಕೆಲಸದಿಂದ ನಿವೃತ್ತರಾದ ಮೇಲೆ ಮೈಸೂರಿನ ಕುವೆಂಪುನಗರದ ಮನೆಯನ್ನು ಬಾಡಿಗೆಗೆ ಕೊಟ್ಟು ಹೊರಟವರು. ಬಾಡಿಗೆ ದುಡ್ಡು ಡೀಸೆಲ್‌ಗೆ, ಪಿಂಚಣಿ ಮಿಕ್ಕಿದ್ದಕ್ಕೆ. ಕಾಗದಪತ್ರಗಳೆಲ್ಲ ತಂಗಿಯ ಮನೆ ವಿಳಾಸಕ್ಕೆ ಬರುತ್ತವೆ. ನಮ್ಮದು ಟೆಂಪೋ ಟ್ರಾವೆಲರ್. ಹಿಂದೆ ಬೆಲ್ಟ್ ಇರುವ ಎರಡು ಸೀಟು ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆಸಿ ಮಂಚ, ಅಡುಗೆ ಕಟ್ಟೆ, ಪುಟ್ಟ ಶೌಚಾಲಯ ಮಾಡಿಸಿದ್ದೇವೆ. ಹೀಗೆ ಗಾಡಿಯನ್ನು ಬದಲಾಯಿಸಬೇಕಾದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲೂ ಅದು ದಾಖಲಾಗಬೇಕು. ಆ ಕೆಲಸ ಮುಗಿಸಿಯೇ ಊರು ಬಿಟ್ಟೆವು. ಚಾವಣಿ ಮೇಲೆ 400 ವ್ಯಾಟಿನ ಸೋಲಾರ್ ಪ್ಯಾನೆಲ್, ಮಂಚದ ಕೆಳಗೆ 200 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ. ಅದು ತುಂಬಿದರೆ ಹತ್ತಿರ ಹತ್ತಿರ ಎರಡೂವರೆ ಯೂನಿಟ್ ಕರೆಂಟು. ಫ್ರಿಜ್, ಫ್ಯಾನು, ಎರಡು ದೀಪ, ಬೆಳಗ್ಗೆ ಚಟ್ನಿಗೆ ಮಿಕ್ಸಿ, ಇಷ್ಟಕ್ಕೆ ಸಾಕು. ನೀರಿನ ಟ್ಯಾಂಕು 120 ಲೀಟರಿನದು. ನೋಡಿಕೊಂಡು ಬಳಸಿದರೆ ಇಬ್ಬರಿಗೆ ಮೂರು ದಿನ ಬರುತ್ತದೆ.

ಕರೆಂಟು ಬಿಸಿಲಿನಿಂದ ಬರುತ್ತದೆ. ನೀರನ್ನು ಮಾತ್ರ ಯಾರನ್ನಾದರೂ ಕೇಳಿಯೇ ಪಡೆಯಬೇಕು. ಈ ಬದುಕು ನಿಂತಿರುವುದೇ ಆ ಕೇಳುವುದರ ಮೇಲೆ, ಕೊಡುವವರ ಮೇಲೆ ಅಂತ ನನಗೆ ಅನ್ನಿಸುತ್ತದೆ.

ಅಮೆರಿಕದಲ್ಲಿ ಇದಕ್ಕೆಲ್ಲ ಬೇರೆಯದೇ ವ್ಯವಸ್ಥೆ. ಅಲ್ಲಿನ ನ್ಯಾಷನಲ್ ಪಾರ್ಕು, ಸ್ಟೇಟ್ ಪಾರ್ಕುಗಳಲ್ಲಿ ಕ್ಯಾಂಪ್‌ಗ್ರೌಂಡ್‌ಗಳಿವೆ. ಖಾಸಗಿಯವರದ್ದೂ ಬೇಕಾದಷ್ಟಿವೆ. ಒಂದೊಂದು ಗಾಡಿಗೆ ಗುರುತು ಮಾಡಿದ ಒಂದೊಂದು ಜಾಗ. ಸೌಲಭ್ಯ ಜಾಸ್ತಿ ಇರುವ ಕಡೆ ಪಕ್ಕದಲ್ಲೇ ಕರೆಂಟಿನ ಕಂಬ, ನಲ್ಲಿ, ಕೊಳಚೆ ಹೋಗುವ ಪೈಪು. ಇಲ್ಲದ ಕಡೆ ಶೌಚದ ತೊಟ್ಟಿ ಖಾಲಿ ಮಾಡಲು ಡಂಪ್ ಸ್ಟೇಷನ್. ಎಷ್ಟೋ ನಿವೃತ್ತ ದಂಪತಿಗಳು ಕ್ಯಾಂಪ್ ಹೋಸ್ಟ್ ಆಗಿ ಬಂದವರಿಗೆ ಜಾಗ ತೋರಿಸುತ್ತಾ, ಪುಕ್ಕಟೆ ಜಾಗ ಪಡೆದು ತಿಂಗಳುಗಟ್ಟಲೆ ಅಲ್ಲೇ ಇರುತ್ತಾರೆ. ನಮ್ಮ ಪಕ್ಕದ ಕೇರಳದಲ್ಲೂ 2021ರಲ್ಲಿ ಕಾರವಾನ್ ಪ್ರವಾಸಕ್ಕೆ ಒಂದು ನೀತಿ ಬಂತು, ವಾಗಮಣ್‌ನಲ್ಲಿ ಕಾರವಾನ್ ಪಾರ್ಕು ಶುರುವಾಯಿತು. ನಮ್ಮ ಮಂಡ್ಯ ಸೀಮೆಯಲ್ಲಿ ನಾವು ದೇವಸ್ಥಾನದ ಬಯಲು, ಪೆಟ್ರೋಲ್ ಬಂಕು, ಯಾರದೋ ತೋಟದ ಗೇಟು ಹೀಗೆ ಕೇಳಿಕೊಂಡೇ ನಿಲ್ಲಿಸುತ್ತೇವೆ.

ಸಂಕ್ರಾಂತಿ ಕಳೆದ ವಾರ ಅದು. ಬೆಳಗ್ಗೆ ಮೇಲುಕೋಟೆಯಲ್ಲಿದ್ದೆವು. ಯೋಗನರಸಿಂಹನ ಬೆಟ್ಟ ಹತ್ತಿ ಇಳಿದು, ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದೆವು. ಟ್ಯಾಂಕಿನಲ್ಲಿ ನೀರು ತಳ ಕಂಡಿತ್ತು. ಮೋಡ ಮುಚ್ಚಿಕೊಂಡು ಬ್ಯಾಟರಿಯೂ ಅರ್ಧಕ್ಕೆ ಬಂದಿತ್ತು. ಅಲ್ಲೇ ಕಾಡಿನ ಅಂಚಿನಲ್ಲಿ ರಾತ್ರಿ ಕಳೆಯುವ ಹಾಗಿಲ್ಲ. ಮೇಲುಕೋಟೆ ಸುತ್ತಿನ ಕುರುಚಲು ಕಾಡು 1974ರಿಂದ ತೋಳಗಳಿಗಾಗಿ ಕಾಪಾಡಿಕೊಂಡು ಬಂದ ವನ್ಯಧಾಮ. ಅಲ್ಲಿ ದೀಪ ಹಚ್ಚಿ, ಸಾರಿಗೆ ಒಗ್ಗರಣೆ ಹಾಕುತ್ತಾ ಕೂರುವುದು ಸರಿಯಲ್ಲ. ಊರೊಳಗಿನ ಬೀದಿಗಳೋ ನಮ್ಮ ಗಾಡಿಗೆ ಕಿರಿದು.

ಜಕ್ಕನಹಳ್ಳಿ ಮೇಲೆ ಇಳಿದು ತೊಣ್ಣೂರು ಕೆರೆಗೆ ಬಂದೆವು. ಎರಡು ಬೆಟ್ಟಗಳ ನಡುವೆ ಕಟ್ಟಿದ ಹಳೆಯ ಕೆರೆ. ನೀರು ಎಷ್ಟು ತಿಳಿ ಅಂದರೆ ಹಿಂದೆ ಇದನ್ನು ಮೋತಿ ತಲಾಬ್ ಅಂತಲೂ ಕರೆದಿದ್ದಾರೆ. ಇವರಿಗೆ ಏರಿಯ ಹತ್ತಿರವೇ ಉಳಿಯುವ ಆಸೆ. ಕುರಿ ಹೊಡೆದುಕೊಂಡು ಬರುತ್ತಿದ್ದ ಒಬ್ಬ ತಾತ ಗಾಡಿ ನೋಡಿ ನಿಂತರು.

‘ರಾತ್ರಿ ಇಲ್ಲಿರ್ಬೇಡಿ ಕಣಪ್ಪ. ಕುಡ್ಕಂಡ್ ಬರೋರು ಜಾಸ್ತಿ, ಹೆಣ್ಮಗಳು ಬೇರೆ ಅವ್ರೆ. ಒಸಿ ಮುಂದಕ್ಕೋಗಿ, ಆಲೆಮನೆ ಸಿಕ್ತದೆ. ಅಲ್ಲಿ ರಾತ್ರಿಯೆಲ್ಲ ಜನ ಎದ್ದಿರ್ತರೆ.’

ಅವರು ಹೇಳಿದ ಕಡೆ ಹೋದಾಗ ಮೊದಲು ಸಿಕ್ಕಿದ್ದು ವಾಸನೆ. ಕಬ್ಬಿನ ಹಾಲು ಕುದಿಯುವ ವಾಸನೆಯನ್ನು ಮಂಡ್ಯದವರಿಗೆ ವಿವರಿಸಬೇಕಾಗಿಲ್ಲ. ಆಮೇಲೆ ಹೊಗೆ, ಒಣಗಲು ಹರಡಿದ ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ), ಕಬ್ಬು ತುಂಬಿದ ಟ್ರಾಕ್ಟರ್. ಆಲೆಮನೆ ಗೌಡರು ಗಾಣದ ಹತ್ತಿರ ನಿಂತಿದ್ದರು. ಇವರು ಇಳಿದು ಹೋಗಿ ಕೇಳಿದರು. ಗೌಡರು ಉತ್ತರ ಕೊಡದೆ ಸೀದಾ ಗಾಡಿ ಹತ್ತಿರ ಬಂದು ಒಳಗೆ ಇಣುಕಿದರು.

‘ಇದೇನ್ ಸಾ, ಬಸ್ಸೊಳಗೇ ಮನೆ ಮಾಡ್ಕಂಡಿದ್ದೀರಿ?’

‘ಹೂಂ ಗೌಡ್ರೇ. ಇದೇ ಮನೆ ಈಗ.’

‘ನಿಲ್ಸ್ಕಳಿ ನಿಲ್ಸ್ಕಳಿ. ರಚ್ಚು ಒಣಗಾಕಿರೋ ಕಡೆ ಬ್ಯಾಡ, ಕಿಡಿ ಹಾರ್ತದೆ. ಆ ತೆಂಗಿನ ಮರದ ತಾವು ನಿಲ್ಸಿ. ಕಾಯಿ ಕೆಡವಾಯ್ತು, ತಲೆ ಮ್ಯಾಲೆ ಬೀಳಕಿಲ್ಲ.’

ಅಷ್ಟೇ. ಆಧಾರ್ ಕಾರ್ಡು ಕೇಳಲಿಲ್ಲ, ಎಷ್ಟು ಹೊತ್ತಿಗೆ ಹೊರಡುತ್ತೀರಿ ಅಂತಲೂ ಕೇಳಲಿಲ್ಲ.

ಗೌಡರ ಹೆಂಡತಿ ಕೇಳಿದ ಪ್ರಶ್ನೆಗಳು ಬೇರೆ. ನನಗಿಂತ ಹಿರಿಯರು, ಅಕ್ಕ ಅಂತಲೇ ಕರೆದೆ. ‘ಮನೆಮಠ ಇಲ್ವೇನವ್ವಾ?’ ಅಂದರು. ಇದೆ, ಬಾಡಿಗೆಗೆ ಕೊಟ್ಟಿದ್ದೇವೆ ಅಂದೆ. ‘ಮಕ್ಳು ನೋಡ್ಕಳಲ್ವಾ?’ ಅಂದರು. ಮಗ ನೋಡಿಕೊಳ್ಳುತ್ತಾನೆ, ಪುಣೆಯಲ್ಲಿದ್ದಾನೆ, ನಮಗೇ ಓಡಾಡುವ ಆಸೆ ಅಂದೆ. ‘ಹುಷಾರು ತಪ್ಪಿದ್ರೆ?’ ಅಂದರು. ಇದಕ್ಕೆ ಸ್ವಲ್ಪ ಹೊತ್ತು ಮಾತಾಡಬೇಕಾಯಿತು. ಇವರ ಬಿ.ಪಿ. ಮಾತ್ರೆ ತಿಂಗಳಿಗಾಗುವಷ್ಟು ಇಟ್ಟುಕೊಂಡಿರುತ್ತೇವೆ, ಯಾವ ಊರಿಗೆ ಹೋದರೂ ತಾಲ್ಲೂಕು ಆಸ್ಪತ್ರೆ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳುತ್ತೇವೆ ಅಂತೆಲ್ಲ ಹೇಳಿದೆ. ಗಾಡಿ ನೋಡಿದವರೆಲ್ಲ ಎಷ್ಟು ಖರ್ಚಾಯಿತು ಅಂತಲೇ ಕೇಳುವುದು. ಅಕ್ಕ ಅದನ್ನು ಬಿಟ್ಟು ಇದನ್ನು ಕೇಳಿದ್ದು ನನಗೆ ತುಂಬಾ ಹಿಡಿಸಿತು.

ಸಂಜೆಯಿಡೀ ಕೊಪ್ಪರಿಗೆ ಮುಂದೆ ನಿಂತಿದ್ದೆ. ಹುಟ್ಟಿ ಬೆಳೆದದ್ದು ಮೈಸೂರಿನಲ್ಲೇ ಆದರೂ ಬೆಲ್ಲ ಆಗುವುದನ್ನು ಮೊದಲಿಂದ ಕೊನೆಯವರೆಗೆ ನೋಡಿದ್ದು ಅವತ್ತೇ. ಗಾಣದಿಂದ ಹಾಲು ಸೋಸಿಕೊಂಡು ತೊಟ್ಟಿಗೆ, ತೊಟ್ಟಿಯಿಂದ ಕೊಪ್ಪರಿಗೆಗೆ. ಕೆಳಗಿನ ಒಲೆಗೆ ಬೇರೆ ಸೌದೆ ಇಲ್ಲ, ಹಿಂಡಿದ ಕಬ್ಬಿನ ರಚ್ಚನ್ನೇ ಒಣಗಿಸಿ ತುಂಬುತ್ತಾರೆ. ಉತ್ತರ ಪ್ರದೇಶದಿಂದ ಬಂದ ಹುಡುಗನೊಬ್ಬ ಒಂದೇ ಸಮ ಉರಿ ಹಾಕುತ್ತಿದ್ದ. ಹಾಲು ಕಾದಂತೆ ಸುಣ್ಣದ ನೀರು ಬಿಡುತ್ತಾರೆ, ಮಡ್ಡಿಯೆಲ್ಲ ಮೇಲೆ ಬರುತ್ತದೆ, ಅದನ್ನು ಜಾಲರಿಯಲ್ಲಿ ತೆಗೆಯುತ್ತಾರೆ. ಗೌಡರ ಆಲೆಮನೆಯಲ್ಲಿ ಬೆಂಡೆ ಗಿಡದ ಲೋಳೆಯನ್ನೂ ಹಾಕುತ್ತಾರೆ, ಕೊಳೆ ಎತ್ತುವುದಕ್ಕೆ. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವ ರೂಢಿ ಬಹಳ ಕಡೆ ಇದೆ. ಗೌಡರು ಹಾಕುವುದಿಲ್ಲ. ಹಾಗಾಗಿ ಅವರ ಬೆಲ್ಲ ಕಪ್ಪಗೆ. ಮಾರ್ಕೆಟ್ಟಿನಲ್ಲಿ ಬಣ್ಣ ನೋಡಿ ರೇಟು ಕಟ್ಟುವವರೇ ಜಾಸ್ತಿ ಅಂತ ಗೌಡರಿಗೆ ಬೇಜಾರು. ಕೊಳ್ಳುವ ನಾವೂ ಅಂಗಡಿಯಲ್ಲಿ ಹೊಳೆಯುವ ಅಚ್ಚನ್ನೇ ಆರಿಸುತ್ತೇವೆ, ಅಲ್ವಾ? ಅಲ್ಲಿಂದ ಬಂದ ಮೇಲೆ ನಾನು ಕಪ್ಪು ಬೆಲ್ಲವನ್ನೇ ಕೇಳಿ ತರುತ್ತೇನೆ.

ಪಾಕ ಬಂತೋ ಇಲ್ಲವೋ ಅಂತ ನೋಡುವುದು ತಣ್ಣೀರಿನಲ್ಲಿ. ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಿದರು. ಇನ್ನೊಂಚೂರು ಅಂದರು. ಮತ್ತೆ ನೋಡಿದರು. ಆಮೇಲೆ ಎಲ್ಲರೂ ಓಡಾಡಿದರು, ಕೊಪ್ಪರಿಗೆ ಇಳಿಸಿ ತೊಟ್ಟಿಗೆ ಸುರಿದು, ಕೆದಕಿ, ಅಚ್ಚಿಗೆ ತುಂಬಿದರು. ಒಂದು ಟನ್ ಕಬ್ಬು ಅರೆದರೆ ನೂರು ಕೆ.ಜಿ. ಆಸುಪಾಸು ಬೆಲ್ಲ.

ಗೌಡರ ತಾತನ ಕಾಲಕ್ಕೆ ಈ ಹೊಲದಲ್ಲಿ ರಾಗಿ, ಹುರುಳಿ ಬೆಳೆಯುತ್ತಿತ್ತಂತೆ. ಕೆಆರ್‌ಎಸ್‌ನಿಂದ ನಾಲೆ ಬಂದ ಮೇಲೆ ಮಂಡ್ಯದ ನೆಲದ ಗತಿಯೇ ಬದಲಾಯಿತು. ಆಗ ಅದನ್ನು ಇರ್ವಿನ್ ನಾಲೆ ಅನ್ನುತ್ತಿದ್ದರು, ಈಗ ವಿಶ್ವೇಶ್ವರಯ್ಯ ನಾಲೆ. ಅದರ ಹಿಂದೆಯೇ, 1933ರಲ್ಲಿ, ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. ಅದಕ್ಕೆ ದುಡಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಗೌಡರು ಕೋಲ್ಮನ್ ಹೆಸರು ಹೇಳಿದ್ದು ನೆಂಟರ ಹೆಸರು ಹೇಳಿದ ಹಾಗಿತ್ತು. ಹೊಲದಲ್ಲಿ ನಿಂತಿದ್ದ ಕಬ್ಬು ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದ ತಳಿ. ಆ ಫಾರಂ ಹೆಸರಿನಲ್ಲಿರುವುದೂ ಅದೇ ವಿಶ್ವೇಶ್ವರಯ್ಯ ನಾಲೆ.

ಇನ್ನು ನೀರು. ‘ತ್ರೀ ಫೇಸು ಹನ್ನೊಂದ್ಗಂಟೆಗ್ ಬತ್ತದೆ, ಆಗ ತುಂಬ್ಸ್ಕಳಿ’ ಅಂದಿದ್ದರು ಗೌಡರು. ಅಲ್ಲಿಯವರೆಗೆ ಕುಡಿಯಲು ಎರಡು ಬಿಂದಿಗೆ ಅಕ್ಕನೇ ತಂದಿಟ್ಟರು. ಬ್ಯಾಟರಿಗೆ ವೈರ್ ಎಳೆದು ಕೊಡುತ್ತೇನೆ ಅಂತ ಗೌಡರು ಅಂದಿದ್ದಕ್ಕೆ ಇವರು ಬೇಡ ಅಂದರು. ಗಾಣಕ್ಕೇ ಕರೆಂಟು ಸಾಲದೆ ಮಧ್ಯೆ ಮಧ್ಯೆ ಡೀಸೆಲ್ ಎಂಜಿನ್ ಓಡಿಸುತ್ತಿದ್ದರು.

ಕೇಳಲು ಸ್ವಲ್ಪ ಹಿಂಜರಿಕೆಯಾಗುವ ವಿಷಯ ಇನ್ನೊಂದಿತ್ತು. ನಮ್ಮ ಶೌಚಾಲಯದ ಕೆಳಗೆ ಹೊರಗೆ ಎಳೆಯಬಹುದಾದ ಒಂದು ಡಬ್ಬಿ ಇದೆ. ಇಪ್ಪತ್ತು ಲೀಟರಿನಷ್ಟು ಹಿಡಿಯುತ್ತದೆ. ತುಂಬಿದಾಗ ಅದನ್ನು ಕಕ್ಕಸಿನಲ್ಲೇ ಖಾಲಿ ಮಾಡಬೇಕು. ಕೆರೆ, ನಾಲೆ, ಹಳ್ಳ, ರಸ್ತೆ ಬದಿ ಯಾವುದೂ ಕೂಡದು. ಇದರಲ್ಲಿ ನಾನು ಒಂದಿಷ್ಟೂ ಸಡಿಲ ಬಿಡುವವಳಲ್ಲ. ಗಾಡಿಮನೆಯವರು ಒಬ್ಬರು ಕೆರೆ ಏರಿ ಮೇಲೆ ಗಲೀಜು ಮಾಡಿ ಹೋದರೆ ಆ ಊರಿನಲ್ಲಿ ಮುಂದೆ ಯಾರಿಗೂ ಜಾಗ ಸಿಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ನೀರನ್ನು ಕುಡಿಯುವ ದನಕರು ಇವೆ. ಅಕ್ಕನಿಗೆ ಹೇಳಿದೆ. ಅವರು ಒಂದು ಕ್ಷಣವೂ ಮುಖ ಕಿವಿಚಲಿಲ್ಲ. ‘ಅದ್ಕೇನಂತೆ, ಹಿಂದ್ಗಡೆ ಕಕ್ಕಸ್ ಅದೆ. ಔಷ್ದಿ ಗಿವ್ಷ್ದಿ ಹಾಕಿಲ್ಲ ತಾನೇ? ಗುಂಡಿ ಕೆಟ್ಟೋಯ್ತದೆ’ ಅಂದರು. ನಾವು ಯಾವ ಔಷಧಿಯನ್ನೂ ಹಾಕುವುದಿಲ್ಲ. ಪಾತ್ರೆ ತೊಳೆದ ನೀರಿಗೆ ಬೇರೆ ಟ್ಯಾಂಕು ಇದೆ. ಅದನ್ನು ತೆಂಗಿನ ಬುಡಕ್ಕೆ ಬಿಡಲು ಹೇಳಿದರು.

ನಮ್ಮಂಥವರಿಗೆ ಬೇಕಾಗಿರುವುದು ಇಷ್ಟೇ. ಮೇಲುಕೋಟೆ, ಕೆಆರ್‌ಎಸ್, ಶ್ರೀರಂಗಪಟ್ಟಣ, ಶಿವನಸಮುದ್ರ, ಒಂದೊಂದು ಕಡೆ ಹತ್ತು ಗಾಡಿ ನಿಲ್ಲುವ ಬಯಲು, ಒಂದು ನಲ್ಲಿ, ಡಬ್ಬಿ ಖಾಲಿ ಮಾಡಲು ಮುಚ್ಚಳದ ಗುಂಡಿ, ರಾತ್ರಿಗೆ ಒಬ್ಬ ಕಾವಲುಗಾರ. ಅದಕ್ಕೆ ದುಡ್ಡು ಕೊಡಲು ನಾವು ಸಿದ್ಧ. ಹೋಟೆಲ್ ರೂಮು ಬೇಡದವರು, ದೊಡ್ಡ ಕುಟುಂಬದವರು, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರು ಎಷ್ಟೋ ಜನ ಇದ್ದಾರೆ. ಊರಿನ ಪಂಚಾಯಿತಿಗೂ ಒಂದು ಆದಾಯ ಆಗುತ್ತದೆ.

ರಾತ್ರಿ ಊಟಕ್ಕೆ ನನ್ನ ಒಲೆ ಹಚ್ಚಲು ಅಕ್ಕ ಬಿಡಲಿಲ್ಲ. ಮುದ್ದೆ, ಅವರೆಕಾಳು ಸಾರು. ಕೊಪ್ಪರಿಗೆ ಒಲೆಯ ಬಿಸಿ ಬೆನ್ನಿಗೆ ತಾಗುತ್ತಿತ್ತು, ಎದುರಿಂದ ಜನವರಿಯ ಚಳಿ. ಉರಿ ಹಾಕುವ ಹುಡುಗನೂ ನಮ್ಮ ಜೊತೆಯೇ ಕೂತು ಮುದ್ದೆ ಮುರಿದ, ನಮಗಿಂತ ಚೆನ್ನಾಗಿ. ಹನ್ನೊಂದು ದಾಟಿದ ಮೇಲೆ ಪಂಪು ಶುರುವಾಯಿತು. ಇವರು ಪೈಪು ಹಿಡಿದು ಟ್ಯಾಂಕು ತುಂಬಿಸಿದರು. ಗಾಣದ ಸದ್ದಿನಲ್ಲೇ ನಿದ್ದೆ ಬಂತು.

ಬೆಳಗ್ಗೆ ಮೋಡ ಚದುರಿತ್ತು. ದುಡ್ಡು ಕೊಡಲು ಹೋದರೆ ಗೌಡರು ಬೈದೇ ಬಿಟ್ಟರು. ಎರಡು ಅಚ್ಚು ಬೆಲ್ಲ ಕೊಂಡದ್ದಕ್ಕೂ ದುಡ್ಡು ತಗೊಳ್ಳಲಿಲ್ಲ. ಅಕ್ಕ, ಮೊಮ್ಮಗಳ ಜೊತೆ ಗಾಡಿಯೊಳಗೆ ಬಂದು ಮಂಚದ ಮೇಲೆ ಕೂತರು, ಡ್ರಾಯರ್ ಎಳೆದು ನೋಡಿದರು. ‘ಈಗ ಎತ್ಲಾಗ್ ಹೊಂಟ್ರಿ?’ ಅಂದರು. ರಂಗನತಿಟ್ಟಿಗೆ ಅಂದೆ. ಅರ್ಧ ಗಂಟೆಯ ದಾರಿ. ಅಕ್ಕ ಒಂದು ಸಲವೂ ನೋಡಿರಲಿಲ್ಲ. ಹಸು, ಹೊಲ, ಆಲೆಮನೆ ಇಷ್ಟರಲ್ಲೇ ಕಾಲ ಹೋಗಿದೆ.

‘ಬನ್ನಿ ಅಕ್ಕ, ಸೀಟು ಇವೆ’ ಅಂದೆ. ಗೌಡರು ‘ಹೋಗ್ ಬಾ, ನಾನ್ ನೋಡ್ಕತ್ತೀನಿ’ ಅಂದರು. ಅಕ್ಕ ಸೀರೆ ಬದಲಾಯಿಸಿ, ಹೂ ಮುಡಿದು ಬಂದರು.

ರಂಗನತಿಟ್ಟು ದೊಡ್ಡ ಜಾಗವೇನಲ್ಲ. ಹಳೆಯ ಕಟ್ಟೆಯಿಂದ ನೀರು ನಿಂತು ಕಾವೇರಿ ನಡುವೆ ಆದ ಪುಟ್ಟ ಪುಟ್ಟ ನಡುಗಡ್ಡೆಗಳು. ಪಕ್ಷಿ ತಜ್ಞ ಸಲೀಂ ಅಲಿ ಅವರ ಮಾತಿನಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರಿತು, ಕರ್ನಾಟಕದಿಂದ ಅದೇ ಮೊದಲು. ದೋಣಿಯಲ್ಲಿ ಕೂತ ಮೇಲೆ ಅಕ್ಕ ನನ್ನ ಕೈ ಬಿಡಲಿಲ್ಲ. ಬಂಡೆ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ ನೋಡಿ ‘ಉಸ್ರಾಡ್ತಾ ಅದಾ ಅದು?’ ಅಂತ ದೋಣಿಯವರನ್ನು ಕೇಳಿದರು. ಹೆಜ್ಜಾರ್ಲೆಗಳನ್ನು ನೋಡಿ ಮೊಮ್ಮಗಳು ಕೂಗಿದಳು. ಮರ ತುಂಬ ಬಣ್ಣದ ಕೊಕ್ಕರೆಗಳು ಕೂತಿದ್ದವು. ಅಕ್ಕ ಬಹಳ ಹೊತ್ತು ನೋಡಿದರು.

‘ಇವು ನಮ್ ಗದ್ದೆಗ್ ಬತ್ತವೆ ಕಣವ್ವ. ನಾಟಿ ಟೈಮಲ್ಲಿ ದಿನಾ ನೋಡ್ತೀನಿ. ಮನೆ ಇಲ್ಲೇ ಅದೆ ಅಂತ ಗೊತ್ತಿರ್ನಿಲ್ಲ.’

ಅಜ್ಜಿ ಮೊಮ್ಮಗಳನ್ನು ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿಸಿ ನಾವು ಮೈಸೂರಿನ ಕಡೆ ಹೊರಡುವುದು ಅಂತ ಮಾತಾಗಿತ್ತು. ಟ್ಯಾಂಕು ತುಂಬಿತ್ತು, ಬ್ಯಾಟರಿಯೂ ಬಿಸಿಲಿಗೆ ಮುಕ್ಕಾಲು ಆಗಿತ್ತು. ಆದರೆ ಬಸ್ ಸ್ಟ್ಯಾಂಡ್ ಹತ್ತಿರ ಬಂದಾಗ ಅಕ್ಕ ರಾತ್ರಿಗೆ ಹಿತಕಿದ ಬೇಳೆ ಸಾರು ಮಾಡುತ್ತೇನೆ ಅಂದರು. ಒಂದು ಚೀಲ ಅವರೆಕಾಯಿ ಮನೆಯಲ್ಲಿದೆ, ಬಿಡಿಸಿ ಹಿತಕಲು ಜನ ಇಲ್ಲ ಅಂದರು. ಇವರು ನನ್ನನ್ನು ಕೇಳದೆಯೇ ಗಾಡಿಯನ್ನು ಪಾಂಡವಪುರದ ರಸ್ತೆಗೆ ತಿರುಗಿಸಿದರು.