ಚುರಾಚಾಂದ್‌ಪುರದ ಶಿಬಿರದಲ್ಲಿ

2023ರ ಮೇ 3ರಂದು ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿ ಸಮುದಾಯಗಳ ನಡುವೆ ಹೊತ್ತಿಕೊಂಡ ಹಿಂಸೆಯು ಸಾವಿರಾರು ಜನರನ್ನು ಮನೆಮಠ ಬಿಡಿಸಿ ಶಿಬಿರಗಳಿಗೆ ಅಟ್ಟಿತೆಂದು ಓದಿದಾಗ, ಬೀದರಿನ ನಮ್ಮ ಮನೆಯಲ್ಲಿ ಅಜ್ಜಿ ಹೇಳುತ್ತಿದ್ದ 1948ರ ರಜಾಕಾರರ ಹಾವಳಿಯೂ, ಉಟ್ಟ ಬಟ್ಟೆಯಲ್ಲೇ ಊರು ಬಿಟ್ಟ ಅವರ ರಾತ್ರಿಯೂ ನೆನಪಾಗಿ, ಕಂಬಳಿ ಕಟ್ಟಿಕೊಂಡು ನಾನೊಬ್ಬನೇ ಅಲ್ಲಿಗೆ ಹೊರಟೆ. ಮೈತೇಯಿಗಳು ಹೆಚ್ಚಿರುವ ಇಂಫಾಲ ಕಣಿವೆಗೂ ಕುಕಿಗಳು ಹೆಚ್ಚಿರುವ ಬೆಟ್ಟದ ಜಿಲ್ಲೆ ಚುರಾಚಾಂದ್‌ಪುರಕ್ಕೂ ನಡುವೆ ಭದ್ರತಾ ಪಡೆಗಳ ಕಾವಲಿತ್ತು; ಆ ಎರಡು ಸಮುದಾಯದವರು ದಾಟಲಾಗದ ಆ ಗಡಿಯನ್ನು ಹೊರಗಿನವನಾದ ನಾನು, ಹೊರರಾಜ್ಯದವರು ಮಣಿಪುರಕ್ಕೆ ಬರಲು ಪಡೆಯಬೇಕಾದ ಇನ್ನರ್ ಲೈನ್ ಪರ್ಮಿಟ್ ತೋರಿಸಿ ದಾಟಿದೆ.

ನಾನು ಒಯ್ದಿದ್ದಂಥವೇ ಬೇರೆ ಕಂಬಳಿಗಳು ಶಿಬಿರದ ಮೂಲೆಯಲ್ಲಿ ಆಗಲೇ ರಾಶಿ ಬಿದ್ದಿದ್ದವು. ಮಗ್ಗದ ಮುಂದೆ ಕುಳಿತಿದ್ದ ವೃದ್ಧೆಯೊಬ್ಬರು ನೂಲಿನ ತುದಿಯನ್ನು ಕಣ್ಣಿನ ಹತ್ತಿರ ತಂದು, ದೂರ ಸರಿಸಿ, ಕೊನೆಗೆ ನನ್ನ ಕನ್ನಡಕದತ್ತ ಬೆರಳು ತೋರಿಸಿದರು. ಕೇಳಿ ತಿಳಿಯದೆ ಕಂಬಳಿ ಕಟ್ಟಿಕೊಂಡು ಹೋದದ್ದು ನನ್ನದೇ ತಪ್ಪು. ಅಂದು ಸಂಜೆಯವರೆಗೂ ಯಾರಿಗೆ ಎಂಥ ಕನ್ನಡಕ ಬೇಕೆಂದು ಬರೆದುಕೊಳ್ಳುತ್ತ ಕುಳಿತೆ.