ಫ್ಲಾರೆನ್ಸಿಗೆ ಒಂದು ರಾತ್ರಿ ಸಾಕು, ಉಳಿದದ್ದು ರವೆನ್ನಾಕ್ಕೆ ಕೊಡಿ

ಇಟಲಿಯ ಫ್ಲಾರೆನ್ಸ್‌ನಲ್ಲಿ ರೂಮು ಬುಕ್ ಮಾಡುವ ಮುಂಚೆ ಮಾಲೀಕರಿಗೆ ಒಂದು ಮೆಸೇಜ್ ಹಾಕಿ, ಲಿಫ್ಟ್ ಯಾರದು ಅಂತ ಕೇಳಿ. ನಗಬೇಡಿ. ನಾವು ಹಿಡಿದ ರೂಮಿನ ವಿವರದಲ್ಲಿ ಲಿಫ್ಟ್ ಇದೆ ಅಂತಲೇ ಇತ್ತು. ಹೋಗಿ ನೋಡಿದರೆ ಲಿಫ್ಟೂ ಇತ್ತು. ಆದರೆ ಅದಕ್ಕೊಂದು ಬೀಗ, ಅದರ ಕೀ ಆ ಕಟ್ಟಡದಲ್ಲಿ ಖಾಯಂ ಇರುವವರ ಹತ್ತಿರ ಮಾತ್ರ. ನಮ್ಮದು ನಾಲ್ಕನೇ ಮಹಡಿ. ಜೊತೆಗೆ ಮಂಡಿನೋವಿನ ಅತ್ತೆ. "ಇಷ್ಟು ಹತ್ತೋದಾಗಿದ್ರೆ ತಿರುಪತಿಗೇ ಹೋಗಬಹುದಿತ್ತಲ್ಲಪ್ಪಾ, ಪುಣ್ಯನಾದ್ರೂ ಬರ್ತಿತ್ತು" ಅಂದರು.

ಅದು ಸಾಲದು ಅಂತ ರಾತ್ರಿ ತಡವಾಗಿ ಬಂದಿದ್ದಕ್ಕೆ 40 ಯೂರೋ ಕೇಳಿದರು. ತಡವಾಗಿದ್ದು ರೈಲು, ನಾವಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲ. ಕ್ಲೀನಿಂಗ್ ಚಾರ್ಜ್ ಬೇರೆ. ಇದರ ಮೇಲೆ ತಲೆಗಿಷ್ಟು, ರಾತ್ರಿಗಿಷ್ಟು ಅಂತ ನಗರದ ಪ್ರವಾಸಿ ತೆರಿಗೆ. ತೆರಿಗೆ ಎಲ್ಲರಿಗೂ ಇದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಬುಕ್ ಮಾಡುವಾಗ ಕಾಣುವ ರೇಟಿನಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ. ಹಾಗಾಗಿ ಲಿಫ್ಟ್, ತಡರಾತ್ರಿ ಚಾರ್ಜ್, ಕ್ಲೀನಿಂಗ್, ತೆರಿಗೆ ಎಲ್ಲವನ್ನೂ ಮೊದಲೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.

ನನಗೆ ಜನಜಂಗುಳಿ ಆಗಿಬರುವುದಿಲ್ಲ, ಆದ್ದರಿಂದ ಉಫೀಜಿ ಮ್ಯೂಸಿಯಂ ಬಗ್ಗೆ ನನ್ನ ಮಾತು ನಂಬಬೇಡಿ. ಬೊಟ್ಟಿಚೆಲ್ಲಿ ಬರೆದ ವೀನಸ್ ಚಿತ್ರದ ಮುಂದೆ ನನಗೆ ಕಂಡಿದ್ದು ಬರೀ ಮೊಬೈಲುಗಳು. ಅದೇ ಊರಿನ ಸಾನ್ ಮಾರ್ಕೊ ಮಠಕ್ಕೆ ಮಾತ್ರ ತಪ್ಪದೆ ಹೋಗಿ. ಮೆಟ್ಟಿಲು ಹತ್ತುತ್ತಾ ತಲೆ ಎತ್ತಿದರೆ ಎದುರಿಗೇ ಫ್ರಾ ಆಂಜೆಲಿಕೊ ಬರೆದ ಚಿತ್ರ, ದೇವದೂತ ಬಂದು ಮೇರಿಗೆ ಯೇಸು ಹುಟ್ಟುವ ಸುದ್ದಿ ಹೇಳುತ್ತಿರುವುದು. ಸನ್ಯಾಸಿಗಳು ಮಲಗುತ್ತಿದ್ದ ಪುಟ್ಟ ಕೋಣೆಗಳ ಗೋಡೆಯಲ್ಲೂ ಚಿತ್ರಗಳಿವೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಬೇಗ ಮುಚ್ಚುತ್ತಾರೆ. ಸೋಮವಾರ ಉಫೀಜಿ, ಅಕಾಡೆಮಿಯಾ ಎರಡೂ ಮ್ಯೂಸಿಯಂಗಳಿಗೆ ರಜೆ. ಸೋಮವಾರ ಈ ಊರು ಬಿಡುವ ಹಾಗೆ ಪ್ಲಾನ್ ಮಾಡಿದರೆ ಒಳ್ಳೆಯದು.

ಫ್ಲಾರೆನ್ಸ್ ಆದಮೇಲೆ ನಮ್ಮ ಮುಂದಿನ ಊರು ರವೆನ್ನಾ. ನಾವು ಬೊಲೊನ್ಯಾದಲ್ಲಿ ಇಳಿದು ಪ್ರಾದೇಶಿಕ ರೈಲು ಹಿಡಿದೆವು. ಪ್ರಾದೇಶಿಕ ರೈಲಿಗೆ ಮುಂಚೆ ಬುಕ್ ಮಾಡಿದರೆ ಏನೂ ಉಳಿಯುವುದಿಲ್ಲ, ಯಾವಾಗ ತೆಗೆದರೂ ಒಂದೇ ರೇಟು. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮೆಷಿನ್‌ಗೆ ತೂರಿಸಿ ಮುದ್ರೆ ಒತ್ತಿಸಿ. ಮುದ್ರೆ ಇಲ್ಲದಿದ್ದರೆ ಕೈಯಲ್ಲಿ ಟಿಕೆಟ್ ಇದ್ದರೂ ದಂಡ. ಇಟಲಿಯಲ್ಲಿ ರೈಲು ಮುಷ್ಕರ ಮಾಮೂಲಿ, ಶುಕ್ರವಾರ ಜಾಸ್ತಿ. ಕೆಲಸದ ದಿನಗಳಲ್ಲಿ ಮುಷ್ಕರವಾದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಒಂದಷ್ಟು ರೈಲು ಓಡಿಸಲೇಬೇಕು ಅನ್ನುವ ನಿಯಮವಿದೆ. ಇದು ಗೊತ್ತಿದ್ದಿದ್ದಕ್ಕೆ ಬೊಲೊನ್ಯಾ ಸ್ಟೇಷನ್ನಿನಲ್ಲಿ ಗಾಬರಿಯಾಗದೆ ಸಂಜೆವರೆಗೆ ಕೂತೆವು.

ರವೆನ್ನಾದಲ್ಲಿ ಎಲ್ಲರೂ ಸಾನ್ ವಿತಾಲೆ ಚರ್ಚಿಗೆ ಹೋಗುತ್ತಾರೆ, ಹೋಗಲೇಬೇಕು. 547ರಲ್ಲಿ ಪ್ರತಿಷ್ಠೆಯಾದ ಚರ್ಚು ಅದು. ಗೋಡೆಯಲ್ಲಿ ಚಕ್ರವರ್ತಿ ಜಸ್ಟಿನಿಯನ್, ಎದುರಿಗೆ ಹೆಂಡತಿ ಥಿಯೋಡೋರಾ, ಇಬ್ಬರೂ ಬಣ್ಣದ ಗಾಜಿನ ಚೂರುಗಳಲ್ಲಿ ಮೆರೆಯುತ್ತಿದ್ದಾರೆ. ನನಗೆ ಇನ್ನೂ ಹಿಡಿಸಿದ್ದು ಸಾಂತ್ ಅಪೊಲಿನಾರೆ ನುವೊವೊ ಚರ್ಚು. ಅಲ್ಲಿನ ಗೋಡೆಯ ಮೇಲೆ ರಾಜ ಥಿಯೋಡೊರಿಕ್‌ನ ಅರಮನೆಯ ಚಿತ್ರ ಇದೆ, ಅದೂ ಗಾಜಿನ ಚೂರುಗಳದೇ. ಅವನು ಗಾತ್ ಜನಾಂಗದವನು. 540ರಲ್ಲಿ ಊರು ಜಸ್ಟಿನಿಯನ್‌ನ ಕಡೆಯವರಾದ ಬೈಜಾಂಟಿಯನ್ನರ ಕೈಗೆ ಹೋಯಿತು. ಆಮೇಲೆ ಅರಮನೆಯ ಕಮಾನುಗಳಲ್ಲಿ ನಿಂತಿದ್ದವರನ್ನೆಲ್ಲ ಕಿತ್ತು ಹಾಕಿ ಪರದೆ ಕೂರಿಸಿದರು. ಕಂಬಗಳ ಹತ್ತಿರ ಕಣ್ಣಿಟ್ಟು ನೋಡಿ. ಅಲ್ಲೊಂದು ಇಲ್ಲೊಂದು ಕೈ ಹಾಗೇ ಉಳಿದಿದೆ, ಮೈಯಿಲ್ಲ. ಗೈಡುಗಳು ಗುಂಪನ್ನು ಓಡಿಸಿಕೊಂಡು ಹೋಗುವಾಗ ಇದು ತಪ್ಪಿಹೋಗುತ್ತದೆ.

ರೋಮನ್ ರಾಣಿ ಗಾಲಾ ಪ್ಲಾಚಿದಿಯಾ ಹೆಸರಿನ ಸಮಾಧಿ ಕಟ್ಟಡಕ್ಕೆ ಸಮಯ ಗೊತ್ತುಮಾಡಿಕೊಂಡೇ ಹೋಗಬೇಕು. ಒಳಗೆ ಬಿಡುವುದು ಕೆಲವೇ ನಿಮಿಷ, ಕತ್ತಲಿಗೆ ಕಣ್ಣು ಹೊಂದಿಕೊಳ್ಳುವುದಕ್ಕೇ ಅರ್ಧ ಹೋಗುತ್ತದೆ. ಹೊರಗಿನ ಬಿಸಿಲಲ್ಲಿ ಮೊಬೈಲ್ ನೋಡುತ್ತಾ ನಿಲ್ಲಬೇಡಿ. ಕವಿ ದಾಂತೆಯ ಗೋರಿ ಪಕ್ಕದ ಸಾನ್ ಫ್ರಾನ್ಚೆಸ್ಕೊ ಚರ್ಚಿನ ನೆಲಮಾಳಿಗೆಯಲ್ಲಿ ನೀರು ತುಂಬಿದೆ, ಅದರಲ್ಲಿ ಮೀನು ಓಡಾಡುತ್ತವೆ. ದೀಪ ಹತ್ತಬೇಕಾದರೆ ನಾಣ್ಯ ಹಾಕಬೇಕು. ಚಿಲ್ಲರೆ ಇಟ್ಟುಕೊಳ್ಳಿ.

ಈಗ ಊಟ. ರವೆನ್ನಾದಲ್ಲಿ ನಾವು ಹೋಟೆಲಿಗೆ ಹೋಗಿದ್ದು ಕಡಿಮೆ. ರಸ್ತೆ ಬದಿ ಪಿಯಾದೀನಾ ಅನ್ನುವ ರೊಟ್ಟಿ ಮಾಡುವ ಗೂಡಂಗಡಿಗಳಿವೆ. ನಮ್ಮ ಬೀದಿಯಲ್ಲಿದ್ದದ್ದು ಒಬ್ಬ ಅಮ್ಮ ಮತ್ತು ಅವರ ಮಗನ ಅಂಗಡಿ. ಅಮ್ಮ ಲಟ್ಟಿಸುವುದು, ಮಗ ಬೇಯಿಸುವುದು. ನಮ್ಮ ಚಪಾತಿಗಿಂತ ದಪ್ಪ, ಹೆಂಚಿನ ಮೇಲೆ ಕಪ್ಪು ಚುಕ್ಕೆ ಬೀಳುವ ತನಕ ಬೇಯಿಸಿ, ಒಳಗೆ ಸ್ಕ್ವಾಕ್ವೆರೋನೆ ಅನ್ನುವ ಮೆತ್ತನೆ ಚೀಸು ಸವರಿ, ಒಂದು ಹಿಡಿ ಖಾರ ಸೊಪ್ಪು ಇಟ್ಟು ಮಡಿಸಿ ಕೊಡುತ್ತಾರೆ. ಚೀಸು ಬಿಸಿಗೆ ಕರಗಿ ಮೊಣಕೈವರೆಗೆ ಇಳಿಯುತ್ತದೆ, ನಿಂತೇ ತಿನ್ನಬೇಕು. ಒಂದಕ್ಕೆ ಐದಾರು ಯೂರೋ, ಹೊಟ್ಟೆ ತುಂಬುತ್ತದೆ. ಸಸ್ಯಾಹಾರಿಗಳು ಗಮನಿಸಿ: ಹಿಟ್ಟಿಗೆ ಹಂದಿ ಕೊಬ್ಬು ಹಾಕಿ ಕಲಸುವುದು ಅಲ್ಲಿನ ಪದ್ಧತಿ. "ಸೆನ್ಸಾ ಸ್ತ್ರುತ್ತೊ", ಅಂದರೆ ಹಂದಿ ಕೊಬ್ಬಿಲ್ಲದ್ದು, ಅಂತ ಹೇಳಿ, ಆಲಿವ್ ಎಣ್ಣೆಯದು ಇದ್ದರೆ ಕೊಡುತ್ತಾರೆ. ಪಾರ್ಮಿಜಾನೊ ಚೀಸಿಗೂ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನ್ನೆಟ್ ಬೇಕು, ಕಟ್ಟುನಿಟ್ಟಿನವರು ಬೇಡ ಅನ್ನುವುದೇ ವಾಸಿ. ಹೋಟೆಲಿನಲ್ಲಿ ಕೂತರೆ ಬಿಲ್ಲಿನಲ್ಲಿ "ಕೊಪೆರ್ತೊ" ಅಂತ ತಲೆಗೆ ಒಂದೆರಡು ಯೂರೋ ಬರುತ್ತದೆ. ಅದು ಮೋಸವಲ್ಲ, ಜಗಳ ಮಾಡಬೇಡಿ.

ವೆನಿಸ್ ಬಗ್ಗೆ ಬರೆಯಲ್ಲ, ಅಲ್ಲಿನ ಜನ ನೋಡಿ ಸಂಜೆಯೇ ಪಾದೊವಾಕ್ಕೆ ವಾಪಸ್ ಬಂದೆವು. ಪಾದೊವಾದಲ್ಲಿ ಸ್ಕ್ರೊವೆನ್ಯಿ ಚಾಪೆಲ್ ಒಂದಕ್ಕೆ ಮಾತ್ರ ಭಾರತದಲ್ಲಿರುವಾಗಲೇ ಟಿಕೆಟ್ ತೆಗೆಯಿರಿ. ಜೊತ್ತೊ 1305ರ ಸುಮಾರಿಗೆ ಮುಗಿಸಿದ ಗೋಡೆ ಚಿತ್ರಗಳು. ತೇವ ಒಳಗೆ ಹೋಗಬಾರದು ಅಂತ ಮೊದಲು 15 ನಿಮಿಷ ಗಾಜಿನ ಕೋಣೆಯಲ್ಲಿ ಕೂರಿಸುತ್ತಾರೆ, ಆಮೇಲೆ ಒಳಗೆ 15 ನಿಮಿಷ. ಮೇರಿ, ಯೇಸುವಿನ ಕಥೆ ಮೇಲಿನ ಸಾಲಿನಿಂದ ಶುರುವಾಗಿ ಸುತ್ತುತ್ತಾ ಕೆಳಗೆ ಇಳಿಯುತ್ತದೆ, ಹಾಗೇ ನೋಡಿ. ಬಾಗಿಲ ಕಡೆಯ ಗೋಡೆ ಕೊನೆಗೆ. ಅಲ್ಲಿ ದುಡ್ಡು ಹಾಕಿ ಕಟ್ಟಿಸಿದ ಎನ್ರಿಕೊ ಸ್ಕ್ರೊವೆನ್ಯಿ ಚಾಪೆಲ್‌ನ ಪುಟ್ಟ ಮಾದರಿಯನ್ನು ಮೇರಿಗೆ ಒಪ್ಪಿಸುತ್ತಿದ್ದಾನೆ. ಅವನ ಅಪ್ಪ ಬಡ್ಡಿ ವ್ಯಾಪಾರಿ, ದಾಂತೆ ತನ್ನ ಕಾವ್ಯದಲ್ಲಿ ಆ ಅಪ್ಪನನ್ನು ನರಕಕ್ಕೆ ಹಾಕಿದ್ದಾನೆ. ಅಲ್ಲಿಂದ ನಡೆದುಕೊಂಡೇ ಸಂತ ಅಂತೋಣಿ ಬಸಿಲಿಕಾಗೆ ಹೋಗಬಹುದು, ಟಿಕೆಟ್ ಇಲ್ಲ. ಭುಜ, ಮಂಡಿ ಮುಚ್ಚಿರಬೇಕು, ಒಂದು ದುಪಟ್ಟಾ ಬ್ಯಾಗಿನಲ್ಲಿರಲಿ.